ಕೂಸಿಗೇನು ಗೊತ್ತಾಗುತ್ತೆ?

(ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ನಿಮ್ಮಲ್ಲಿ ಹಲವರು ಬೆಳಗಿನ ಜಾವ ಎದ್ದು ಹುಳುವಿಗೆ ಸೊಪ್ಪು ಹಾಕಿ ಬಂದವರು. ಕೆಲವರು ರೇಷ್ಮೆ ನೂಲು ತೆಗೆಯುವ ಕಡೆ ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಚನ್ನಪಟ್ಟಣದವರಲ್ಲಿ ಬೊಂಬೆ ಕೆಲಸದವರಿದ್ದೀರಿ. ಕನಕಪುರ, ಮಾಗಡಿ ಕಡೆಯವರಲ್ಲಿ ದಿನಾ ಗಾರ್ಮೆಂಟ್ಸ್ ಬಸ್ಸು ಹತ್ತುವವರಿದ್ದೀರಿ. ಎಂಟು ಹತ್ತು ಮಂದಿ ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಬಂದಿದ್ದೀರಿ. ಮಾತು ನಡೆಯುವಾಗ ಕೂಸು ಅತ್ತರೆ ಯಾರೂ ಎದ್ದು ಹೊರಗೆ ಹೋಗಬೇಕಾಗಿಲ್ಲ. ಇವತ್ತಿನ ಮಾತು ಅವುಗಳದ್ದೇ.

ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದರು. ಈ ವಿಷಯದಲ್ಲಿ ನಾವು ಸಾಮಾನ್ಯವಾಗಿ ಹೆಂಡತಿ, ಗಂಡ, ಅತ್ತೆ, ಮಾವ, ಪೊಲೀಸ್ ಸ್ಟೇಷನ್, ಕೋರ್ಟು ಇಷ್ಟನ್ನು ಮಾತಾಡುತ್ತೇವೆ. ಅದೇ ಮನೆಯಲ್ಲಿ ಜೋಲಿಯಲ್ಲಿ ಮಲಗಿರುವ ಇನ್ನೊಂದು ಜೀವವನ್ನು ಮರೆತುಬಿಡುತ್ತೇವೆ. ನೆನಪಿಸಿಕೊಂಡರೂ ಎರಡೇ ಮಾತಿಗಾಗಿ. ಒಂದು, "ಅದಕ್ಕೇನು ಗೊತ್ತಾಗ್ತದೆ, ಕೂಸು." ಇನ್ನೊಂದು, "ಮಗೀನ ಮುಖ ನೋಡ್ಕೊಂಡು ಹೊಂದ್ಕೊಂಡು ಹೋಗವ್ವ."

ಈ ಎರಡು ಮಾತನ್ನು ಪಕ್ಕದಲ್ಲಿಟ್ಟು ನೋಡಿ. ಕೂಸಿಗೆ ಏನೂ ಗೊತ್ತಾಗುವುದಿಲ್ಲ ಎನ್ನುವುದಾದರೆ, ಅದರ ಸಲುವಾಗಿ ತಾಯಿ ಯಾಕೆ ಏಟು ತಿನ್ನಬೇಕು? ಕೂಸಿನ ಒಳಿತಿಗಾಗಿಯೇ ತಾಯಿ ಸಹಿಸಿಕೊಳ್ಳಬೇಕು ಎನ್ನುವುದಾದರೆ, ಏಟು ಬೀಳುವ ಮನೆಯಲ್ಲಿ ಕೂಸಿಗೆ ಏನಾಗುತ್ತಿದೆ ಎಂದು ಯಾರಾದರೂ ಕೇಳಬೇಡವೇ? ನಾವು ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

1994ರ ಮಾತು. ನಾನು ಆಗ ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಿದ್ದೆ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲಿ ಬಂತು, 1983ರಲ್ಲಿ ದಂಡಸಂಹಿತೆಗೆ 498ಎ ಸೇರಿತು, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಸೇರಿತು ಎಂದು ಬೋರ್ಡಿನ ಮೇಲೆ ಬರೆದು, ಹುಡುಗಿಯರಿಂದ ಬರೆಸುತ್ತಿದ್ದವಳು ನಾನೇ. ಹಾಗೆ ಬರೆದುಕೊಂಡ ಒಬ್ಬ ಹುಡುಗಿ, ಮದುವೆಯಾಗಿ ಒಂದೂವರೆ ವರ್ಷದ ಮೇಲೆ ಒಂದು ಮಧ್ಯಾಹ್ನ ಐದು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಮದುವೆಯಲ್ಲಿ ಒಪ್ಪಿಕೊಂಡ ಚಿನ್ನದಲ್ಲಿ ಸ್ವಲ್ಪ ಬಾಕಿ ಇತ್ತಂತೆ. ಬಾಣಂತನ ಮುಗಿಸಿ ಕಳಿಸುವಾಗ ಕೂಸಿನ ಕೊರಳಿಗೂ ಒಂದು ಸರ ಬರಬೇಕಿತ್ತಂತೆ. ಎರಡೂ ಬಂದಿರಲಿಲ್ಲ. ಕೆನ್ನೆ ಮೇಲೆ ಬೆರಳಿನ ಗುರುತಿತ್ತು. "ಮಿಸ್, ಎರಡು ದಿನ ಇರ್ಲಾ?" ಎಂದಳು.

ಊಟ ಹಾಕಿದೆ, ಕಾಫಿ ಕೊಟ್ಟೆ. ಕೂಸನ್ನು ಚಾಪೆಯ ಮೇಲೆ ಮಲಗಿಸಿದ್ದಳು. ಮೂರು ಗಂಟೆ ಹೊತ್ತು ಅದು ಒಂದು ಸಾರಿಯೂ ಅಳಲಿಲ್ಲ. ಅಡುಗೆಮನೆಯಲ್ಲಿ ನನ್ನ ಕೈಯಿಂದ ಒಂದು ಪಾತ್ರೆ ಜಾರಿ ಬಿತ್ತು. ಬೇರೆ ಕೂಸಾಗಿದ್ದರೆ ಬೆಚ್ಚಿ, ಕಿಟಾರನೆ ಕಿರುಚುತ್ತಿತ್ತು. ಇದು ಮುಷ್ಟಿ ಬಿಗಿ ಹಿಡಿದು, ಕಣ್ಣು ಅಗಲಿಸಿ, ಅಲ್ಲಾಡದೆ ಬಾಗಿಲ ಕಡೆ ನೋಡಿತು. ಸದ್ದಿಲ್ಲ. ನಾನು ಅದನ್ನು ನೋಡಿ, "ಎಷ್ಟು ಒಳ್ಳೆ ಕೂಸಮ್ಮ ನಿಂದು, ಅಳೋದೇ ಇಲ್ಲ" ಎಂದು ಹೊಗಳಿದೆ. ಆಮೇಲೆ ಎಲ್ಲರೂ ಹೇಳುವುದನ್ನೇ ಹೇಳಿದೆ. "ಮಗೂಗೋಸ್ಕರ ಸ್ವಲ್ಪ ಸಹಿಸಿಕೋ. ಅದಕ್ಕೆ ಬುದ್ಧಿ ಬರೋಷ್ಟರಲ್ಲಿ ಎಲ್ಲ ಸರಿಹೋಗುತ್ತೆ." ಸಂಜೆ ಬಸ್ಸಿಗೆ ಹತ್ತಿಸಿ ಬಂದೆ. ಕಾನೂನು ಪಾಠ ಮಾಡಿದ ಮೇಷ್ಟ್ರಮ್ಮ ಮಾಡಿದ ಕೆಲಸ ಇದು.

ಅವಳ ಮಾತನ್ನು ಕೊನೆಗೆ ಹೇಳುತ್ತೇನೆ. ಆ ಕೂಸು ಯಾಕೆ ಅಳಲಿಲ್ಲ ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ಅರ್ಥವಾದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ನಿಮ್ಮಲ್ಲಿ ಹುಳು ಸಾಕುವವರನ್ನು ಕೇಳುತ್ತೇನೆ. ಹುಳುವಿಗೆ ಬಾಯಿ ಇದೆಯೇ ಮಾತಾಡುವುದಕ್ಕೆ? ಇಲ್ಲ. ಆದರೂ ಅದು ಜ್ವರಕ್ಕೆ ಕೂತಿದೆ ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ? ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಇರುತ್ತದೆ. ಆಗ ನೀವು ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ. ಜ್ವರದಿಂದ ಎದ್ದ ಮೇಲೆ ಮತ್ತೆ ಸೊಪ್ಪು. ಹೀಗೆ ನಾಲ್ಕು ಜ್ವರ ದಾಟಿಸುತ್ತೀರಿ. ಹಣ್ಣಾದ ಹುಳುವನ್ನು ಬಣ್ಣ ನೋಡಿಯೇ ಆರಿಸಿ ಚಂದ್ರಂಕಿಗೆ ಬಿಡುತ್ತೀರಿ. ಇದನ್ನು ಯಾವ ಕಾಲೇಜಿನಲ್ಲೂ ಕಲಿತಿಲ್ಲ, ನೋಡಿ ನೋಡಿ ಕಲಿತಿದ್ದೀರಿ. "ಹುಳ ಹಠ ಮಾಡ್ತಾ ಐತೆ, ನನ್ನ ಮೇಲೆ ಸೇಡು ತೀರಿಸ್ಕೊತಾ ಐತೆ" ಎಂದು ನಿಮ್ಮಲ್ಲಿ ಒಬ್ಬರೂ ಅಂದದ್ದಿಲ್ಲ. ಅದಕ್ಕೆ ಏನೋ ಬೇಕಾಗಿದೆ ಅಥವಾ ಬೇಡವಾಗಿದೆ ಎಂದು ತಿಳಿಯುತ್ತೀರಿ. ಅಷ್ಟೇ ಗಮನ ಕೂಸಿಗೂ ಬೇಕು ಎನ್ನುವುದು ನನ್ನ ಒಟ್ಟು ಮಾತು.

ಕೂಸಿಗೆ ಏನು ಗೊತ್ತಾಗುತ್ತದೆ? ಹೊಟ್ಟೆಯಲ್ಲಿದ್ದಾಗಲೇ ಕೊನೆಯ ತಿಂಗಳುಗಳಲ್ಲಿ ಅದಕ್ಕೆ ಕಿವಿ ಕೇಳಿಸುತ್ತದೆ. 1980ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಹುಟ್ಟಿ ಮೂರು ದಿನವೂ ಆಗದ ಕೂಸುಗಳ ಬಾಯಿಗೆ ಚೀಪುವ ನಿಪ್ಪಲ್ ಇಟ್ಟು ಪರೀಕ್ಷೆ ಮಾಡಿದರು. ಒಂದು ರೀತಿ ಚೀಪಿದರೆ ತಾಯಿಯ ದನಿ ಕೇಳಿಸುತ್ತಿತ್ತು, ಇನ್ನೊಂದು ರೀತಿ ಚೀಪಿದರೆ ಬೇರೆ ಹೆಂಗಸಿನ ದನಿ. ಕೂಸುಗಳು ತಾಯಿಯ ದನಿ ಬರುವ ಹಾಗೆ ತಮ್ಮ ಚೀಪುವ ರೀತಿಯನ್ನೇ ಬದಲಿಸಿಕೊಂಡವು. ಮೂರು ದಿನದ ಕೂಸಿಗೆ ಬೇಕು, ಬೇಡ ಎನ್ನುವುದಿದೆ. ವಾಸನೆಯಿಂದ ತಾಯಿಯನ್ನು ಗುರುತಿಸುತ್ತದೆ. ಕಣ್ಣು ದೂರಕ್ಕೆ ಮಬ್ಬು. ಒಂದು ಗೇಣಿಗೆ ಸ್ವಲ್ಪ ಮೇಲ್ಪಟ್ಟ ದೂರದಲ್ಲಿರುವುದು ಚೆನ್ನಾಗಿ ಕಾಣುತ್ತದೆ. ಹಾಲು ಕುಡಿಯುವಾಗ ತಾಯಿಯ ಮುಖ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರುತ್ತದೆ.

ಇನ್ನೊಂದು ಪ್ರಯೋಗವಿದೆ. 1970ರ ದಶಕದಲ್ಲಿ ಎಡ್ವರ್ಡ್ ಟ್ರೋನಿಕ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಮಾಡಿದ್ದು. ತಾಯಿ ಕೂಸಿನ ಎದುರು ಕೂತು ನಗಿಸುತ್ತಾ ಮಾತಾಡಿಸುತ್ತಾಳೆ. ಕೂಸೂ ಕೇಕೆ ಹಾಕುತ್ತದೆ. ಆಮೇಲೆ ಎರಡು ಮೂರು ನಿಮಿಷ ತಾಯಿ ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಳ್ಳಬೇಕು. ನಗಬಾರದು, ಬೈಯಲೂಬಾರದು, ಸುಮ್ಮನೆ ನೋಡುತ್ತಿರಬೇಕು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗಿ ಕರೆಯುತ್ತದೆ. ತನಗೆ ಗೊತ್ತಿರುವ ಆಟವನ್ನೆಲ್ಲ ಆಡಿ ತಾಯಿಯನ್ನು ವಾಪಸು ಕರೆತರಲು ನೋಡುತ್ತದೆ. ಅವಳು ಬಾರದಿದ್ದಾಗ ಮುಖ ತಿರುಗಿಸಿಕೊಳ್ಳುತ್ತದೆ, ಕುಗ್ಗುತ್ತದೆ. ಅಲ್ಲಿ ಯಾರೂ ಅದನ್ನು ಹೊಡೆದಿಲ್ಲ, ಹಸಿವಿಗೆ ಬಿಟ್ಟಿಲ್ಲ. ಎರಡು ನಿಮಿಷ ತಾಯಿಯ ಮುಖ ಆರಿಹೋಗಿತ್ತು, ಅಷ್ಟೇ.

ಇದನ್ನು ಓದಿದಾಗ ನನಗೆ ನಮ್ಮ ಊರುಗಳ ಹೆಂಗಸರ ಮುಖಗಳು ಕಣ್ಣ ಮುಂದೆ ಬಂದವು. ಪ್ರಯೋಗದ ತಾಯಿ ಎರಡು ನಿಮಿಷದ ಮೇಲೆ ನಕ್ಕಳು. ದಿನಾ ಏಟು ತಿನ್ನುವವಳ ಮುಖ ದಿನಗಟ್ಟಲೆ ಹಾಗೇ ಇರುತ್ತದೆ.

"ಮಗ ಮಲ್ಗಿರುವಾಗ್ಲೇ ಜಗಳ ಆಗೋದು ಮೇಡಮ್ಮೋರೇ, ಅದಕ್ಕೆ ಗೊತ್ತಾಗಲ್ಲ" ಎಂದು ಒಬ್ಬರು ಹೇಳಿದ್ದರು. 2013ರಲ್ಲಿ ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದವರು ಆರು ತಿಂಗಳಿಂದ ಒಂದು ವರ್ಷದೊಳಗಿನ ಕೂಸುಗಳು ನಿದ್ದೆ ಮಾಡುತ್ತಿರುವಾಗ ಮಿದುಳಿನ ಸ್ಕ್ಯಾನ್ ಮಾಡಿದರು. ಸ್ಕ್ಯಾನ್ ನಡೆಯುವಾಗ ಕಿವಿಗೆ ಬೇರೆ ಬೇರೆ ದನಿ ಕೇಳಿಸಿದರು. ಅಪ್ಪ ಅಮ್ಮನ ಜಗಳ ಹೆಚ್ಚಿರುವ ಮನೆಯ ಕೂಸುಗಳಲ್ಲಿ, ಸಿಟ್ಟಿನ ದನಿ ಕೇಳಿದಾಗ ಭಯ ಮತ್ತು ಒತ್ತಡಕ್ಕೆ ಸಂಬಂಧಿಸಿದ ಮಿದುಳಿನ ಭಾಗಗಳು ಹೆಚ್ಚು ಚುರುಕಾದವು. ನಿದ್ದೆಯಲ್ಲೇ! ಕಣ್ಣು ಮುಚ್ಚಿದ್ದರೂ ಕೂಸಿನ ಕಿವಿ ಕಾವಲು ಕೂತಿರುತ್ತದೆ.

ಇನ್ನು ತಾಯಿಯ ಕಡೆ ಬರೋಣ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇಷ್ಟು ಕೇಳಿದ ಮೇಲೆ ಯಾರಾದರೂ ಮನೆಗೆ ಹೋಗಿ ಸೊಸೆಗೆ, "ನೀನು ಮುಖ ಗಂಟು ಹಾಕ್ಕೊಂಡಿದ್ದಕ್ಕೇ ಮಗ ಹಿಂಗಾಯ್ತು" ಎಂದರೆ ನನ್ನ ಮಾತು ವ್ಯರ್ಥವಾಯಿತು, ಅದಕ್ಕಿಂತ ಹೆಚ್ಚಾಗಿ ಅವಳನ್ನು ಹೊಡೆಯಲು ಇನ್ನೊಂದು ಕೋಲು ಕೊಟ್ಟ ಹಾಗಾಯಿತು. ತಾಯಿಯ ಮುಖದ ನಗು ಆರಿಸಿದವರು ಯಾರು ಎಂದು ಮೊದಲು ಕೇಳಬೇಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ, ಮದುವೆಯಾದ ಹೆಂಗಸರಲ್ಲಿ ಶೇಕಡಾ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದಿದ್ದಾರೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಇದು ಶೇಕಡಾ 20.6 ಇತ್ತು. ಹೊಡೆತ ಹೆಚ್ಚಾಯಿತೋ, ಹೇಳುವ ಧೈರ್ಯ ಹೆಚ್ಚಾಯಿತೋ, ಎರಡೂ ಇರಬಹುದು. ಹೇಗೆ ನೋಡಿದರೂ ಇಷ್ಟು ಮನೆಗಳಲ್ಲಿ ಜೋಲಿಗಳೂ ಇವೆ.

ಹೆರಿಗೆಯಾದ ಮೇಲೆ ಕೆಲವರಿಗೆ ಮನಸ್ಸು ಕುಸಿಯುತ್ತದೆ. ಕೂಸನ್ನು ನೋಡಿದರೆ ಏನೂ ಅನ್ನಿಸುವುದಿಲ್ಲ, ನಿದ್ದೆ ಬರುವುದಿಲ್ಲ, ಸುಮ್ಮನೆ ಕಣ್ಣೀರು, ಸತ್ತರೆ ಸಾಕು ಎನ್ನುವ ಯೋಚನೆ. ನಮ್ಮಲ್ಲಿ ಇದಕ್ಕೆ "ಬಾಣಂತಿ ಸನ್ನಿ" ಎಂದೋ, ಗಾಳಿ ಎಂದೋ ಹೇಳಿ ದೃಷ್ಟಿ ತೆಗೆದು ಸುಮ್ಮನಾಗುತ್ತೇವೆ. ಇಲ್ಲವೇ ಸೋಮಾರಿ ಎನ್ನುತ್ತೇವೆ. ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆರಿಗೆಯಾಗಿ ಆರರಿಂದ ಎಂಟು ವಾರವಾದ 252 ತಾಯಂದಿರನ್ನು ನೋಡಿದರು. ಅವರಲ್ಲಿ 59 ಮಂದಿಗೆ ಖಿನ್ನತೆ ಇತ್ತು. ನಾಲ್ವರಲ್ಲಿ ಒಬ್ಬರು ಎನ್ನಬಹುದು. ಕಾರಣಗಳನ್ನು ಹುಡುಕಿದಾಗ ಬಡತನ ಬಂತು, ಗಂಡನ ಜೊತೆಗಿನ ಕೆಟ್ಟ ಸಂಬಂಧ ಬಂತು, ಹುಟ್ಟಿದ್ದು ಹೆಣ್ಣು ಎಂಬುದೂ ಬಂತು. ಇವೆಲ್ಲ ನಮ್ಮ ಬೀದಿಯಲ್ಲೇ ಇರುವ ಕಾರಣಗಳು.

ವರದಕ್ಷಿಣೆ ಮದುವೆ ಮಂಟಪದಲ್ಲಿ ಮುಗಿಯುವುದಿಲ್ಲ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸೀಮಂತಕ್ಕೆ ಇಷ್ಟು, ಬಾಣಂತನಕ್ಕೆ ಇಷ್ಟು, ತೊಟ್ಟಿಲು ಶಾಸ್ತ್ರಕ್ಕೆ ಸರ, ಉಡಿದಾರ, ಕಾಲ್ಗೆಜ್ಜೆ. ಬಾರದಿದ್ದರೆ ತಾಯಿ ಮಗು ತವರಿನಲ್ಲೇ ಇರಲಿ, ಕರೆಯಲು ಬರುವುದಿಲ್ಲ. ಬಂದು ಕರೆದುಕೊಂಡು ಹೋದರೆ ದಿನಾ ಹಂಗಿಸುವುದು. ಕೂಸಿನ ಹೆಸರಿನಲ್ಲಿ ನಡೆಯುವ ವಸೂಲಿ ಇದು. ಆ ಕೂಸನ್ನು ನೋಡಿದಾಗಲೆಲ್ಲ ತಾಯಿಗೆ ತವರಿನ ಸಾಲ ನೆನಪಾಗುತ್ತದೆ. ಪ್ರೀತಿ ಬರಬೇಕಾದ ಜಾಗದಲ್ಲಿ ಲೆಕ್ಕ ಬಂದು ಕೂರುತ್ತದೆ.

ಇನ್ನೂ ಒಂದು ಮಾತಿದೆ, ಹೇಳುವುದಕ್ಕೆ ಕಷ್ಟವಾದದ್ದು. ಏಟು ತಿಂದ ತಾಯಿಗೆ ಕೆಲವು ಸಾರಿ ಕೂಸಿನ ಮುಖದಲ್ಲಿ ಹೊಡೆದವನ ಮುಖ ಕಾಣುತ್ತದೆ. "ಅವನ ಥರಾನೇ ಗುರಾಯಿಸ್ತದೆ", "ಅಪ್ಪನ ಹಂಗೇ ಕೂದಲು ಹಿಡ್ದು ಎಳೀತದೆ, ಬೇಕೂಂತ್ಲೇ" ಎಂದು ನನ್ನ ಹತ್ತಿರ ಹೇಳಿ ಅತ್ತವರಿದ್ದಾರೆ. ಇವರು ಕೆಟ್ಟ ತಾಯಂದಿರಲ್ಲ. ಹೆದರಿದ ಮನಸ್ಸು ಎಲ್ಲೆಲ್ಲೂ ಹೆದರಿಕೆಯನ್ನೇ ಕಾಣುತ್ತದೆ. ಇಂಥವಳಿಗೆ ಬೈದರೆ ಪ್ರಯೋಜನವಿಲ್ಲ. ಪಕ್ಕದಲ್ಲಿ ಕೂತು, "ನೋಡು, ಐದು ತಿಂಗಳ ಕೂಸಿಗೆ ಬೇಕೂಂತ ನೋಯಿಸೋದು ಬರಲ್ಲ. ಹಿಡಿದದ್ದನ್ನು ಬಿಡೋದೇ ಅದಕ್ಕೆ ಇನ್ನೂ ಸರಿಯಾಗಿ ಬರಲ್ಲ. ಅದಕ್ಕೇ ಕೂದಲು ಬಿಡ್ತಿಲ್ಲ" ಎಂದು ಹೇಳಿದರೆ, ಮುಖದಲ್ಲಿ ಒಂದು ನಿರಾಳ ಕಾಣುತ್ತದೆ. ಇದನ್ನು ನಾನು ನೋಡಿದ್ದೇನೆ.

ಹಾಗಾದರೆ ಕೂಸಿನ ಭಾಷೆ ಯಾವುದು? ಕೆಲವನ್ನು ಹೇಳುತ್ತೇನೆ. ಹಸಿವಾದರೆ ಅಳುವುದಕ್ಕೆ ಮೊದಲೇ ಬಾಯಿ ಚಪ್ಪರಿಸುತ್ತದೆ, ತಲೆ ಆ ಕಡೆ ಈ ಕಡೆ ಹೊರಳಿಸಿ ಹುಡುಕುತ್ತದೆ, ಮುಷ್ಟಿ ಬಾಯಿಗೆ ಹಾಕುತ್ತದೆ. ಅಳು ಬರುವುದು ಕೊನೆಗೆ. ಆಡುತ್ತಾ ಆಡುತ್ತಾ ಮುಖ ತಿರುಗಿಸಿಕೊಂಡರೆ, ಆಕಳಿಸಿದರೆ, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿದರೆ "ನನಗೆ ಸಾಕಾಯ್ತು, ಸ್ವಲ್ಪ ಬಿಡಿ" ಎಂದರ್ಥ. ಆಗ ಗಲ್ಲ ಹಿಡಿದು ತಿರುಗಿಸಿ ಮತ್ತೆ ನಗಿಸಬಾರದು. ಕಣ್ಣರಳಿಸಿ, ಕೈಕಾಲು ಮೆತ್ತಗೆ ಆಡಿಸುತ್ತಾ ನಿಮ್ಮನ್ನೇ ನೋಡಿದರೆ "ಬನ್ನಿ, ಮಾತಾಡೋಣ" ಎಂದರ್ಥ.

ಅಳುವಿನ ವಿಷಯ ಇನ್ನೂ ಮುಖ್ಯ. ಹುಟ್ಟಿದ ಎರಡು ಮೂರು ವಾರದಿಂದ ಅಳು ಹೆಚ್ಚುತ್ತಾ ಹೋಗಿ, ಆರು ವಾರದ ಹೊತ್ತಿಗೆ ಅತಿ ಹೆಚ್ಚಾಗಿ, ಮೂರು ನಾಲ್ಕು ತಿಂಗಳಿಗೆ ಕಡಿಮೆಯಾಗುತ್ತದೆ. ಸಂಜೆ ಹೊತ್ತು ಜಾಸ್ತಿ. ಹಾಲು ಕುಡಿದಿದೆ, ಒದ್ದೆಯಾಗಿಲ್ಲ, ಜ್ವರವಿಲ್ಲ, ಆದರೂ ಅಳುತ್ತದೆ. ಆರೋಗ್ಯವಂತ ಕೂಸುಗಳೂ ಹೀಗೆ ಅಳುತ್ತವೆ. ಇದು ತಾಯಿಯ ತಪ್ಪಲ್ಲ, ಹಾಲು ಸಾಲದು ಎಂದೂ ಅಲ್ಲ. ಆದರೆ ಅದೇ ಸಂಜೆ ಹೊತ್ತಿಗೆ ಗಂಡ ಕುಡಿದು ಬರುತ್ತಾನೆ, ಅತ್ತೆಗೆ ಅಡುಗೆ ಆಗಬೇಕು. ಮನೆಯ ಸಿಟ್ಟೆಲ್ಲ ಕೂಸಿನ ಮೇಲೆ, ಅದರ ತಾಯಿಯ ಮೇಲೆ ಬೀಳುವುದು ಆವಾಗಲೇ. ಎಷ್ಟೇ ಕೋಪ ಬಂದರೂ ಕೂಸನ್ನು ಹಿಡಿದು ಜೋರಾಗಿ ಅಲುಗಿಸಬಾರದು. ಅದರ ಕುತ್ತಿಗೆಗೆ ಬಲವಿಲ್ಲ, ಮಿದುಳಿನಲ್ಲಿ ರಕ್ತಸ್ರಾವವಾಗಿ ಕಣ್ಣು ಹೋಗಬಹುದು, ಜೀವವೇ ಹೋಗಬಹುದು. ತಡೆಯಲಾರೆ ಅನ್ನಿಸಿದರೆ ಚಾಪೆಯ ಮೇಲೆ ಅಂಗಾತ ಮಲಗಿಸಿ ಬಾಗಿಲ ಹೊರಗೆ ಐದು ನಿಮಿಷ ನಿಂತುಕೊಳ್ಳಿ, ನೀರು ಕುಡಿಯಿರಿ, ಪಕ್ಕದ ಮನೆಯವರನ್ನು ಕೂಗಿ. ಕೂಸು ಐದು ನಿಮಿಷ ಅತ್ತರೆ ಏನೂ ಆಗುವುದಿಲ್ಲ.

ಮತ್ತು ಅಳದ ಕೂಸು. ಸ್ವಭಾವದಿಂದ ಸಮಾಧಾನದ ಕೂಸುಗಳಿವೆ, ಅವು ನಗುತ್ತವೆ, ನೋಡುತ್ತವೆ, ಬೇಕಾದಾಗ ಅಳುತ್ತವೆ. ಆದರೆ ನಗುವೂ ಇಲ್ಲ, ಅಳುವೂ ಇಲ್ಲ, ಕಣ್ಣಿಗೆ ಕಣ್ಣು ಕೊಡುವುದಿಲ್ಲ, ಸದ್ದಾದರೆ ಮರಗಟ್ಟಿ ನೋಡುತ್ತದೆ ಎಂದರೆ ಹೊಗಳಬೇಡಿ. ಕಿವಿ ಕಣ್ಣು ಸರಿಯಿದೆಯೇ, ತೂಕ ಏರುತ್ತಿದೆಯೇ ಎಂದು ಆಸ್ಪತ್ರೆಯಲ್ಲಿ ತೋರಿಸಿ. ಜೊತೆಗೆ ಆ ಮನೆಯಲ್ಲಿ ಏನು ನಡೆಯುತ್ತಿದೆ ಎಂದೂ ವಿಚಾರಿಸಿ.

ಇಷ್ಟೆಲ್ಲ ಆದ ಮನೆಯ ಕೂಸು ಕೆಟ್ಟೇ ಹೋಯಿತೇ? ಇಲ್ಲ. ಅದೇ ಟ್ರೋನಿಕ್ ಅವರು ತೋರಿಸಿದ ಇನ್ನೊಂದು ವಿಷಯವೆಂದರೆ, ಒಳ್ಳೆಯ ಸಂಬಂಧವಿರುವ ತಾಯಿ ಕೂಸುಗಳಲ್ಲೂ ಹೆಚ್ಚು ಹೊತ್ತು ತಾಳ ತಪ್ಪಿಯೇ ಇರುತ್ತದೆ. ಅದು ಹಾಲು ಕೇಳಿದರೆ ಇವಳು ಬಟ್ಟೆ ನೋಡುತ್ತಾಳೆ, ಅದು ನಿದ್ದೆ ಕೇಳಿದರೆ ಇವಳು ಆಡಿಸುತ್ತಾಳೆ. ಆಮೇಲೆ ತಿಳಿದು ಸರಿಮಾಡಿಕೊಳ್ಳುತ್ತಾಳೆ. ಹಾಗೆ ಸರಿಮಾಡಿಕೊಳ್ಳುವುದರಲ್ಲೇ ಕೂಸಿನ ನಂಬಿಕೆ ಬೆಳೆಯುತ್ತದೆ. ಬೆಳಿಗ್ಗೆ ರೇಗಿದವಳು ಮಧ್ಯಾಹ್ನ ಎತ್ತಿಕೊಂಡು, "ಹೆದರಿಕೊಂಡೆಯಾ ಕಂದ? ಅಮ್ಮ ಕೂಗಿಕೊಂಡೆ, ಅಲ್ವಾ? ಈಗ ಇಲ್ಲೇ ಇದೀನಿ" ಎಂದರೆ ಸಾಕು. ಮಾತಿನ ಅರ್ಥ ತಿಳಿಯುವುದಿಲ್ಲ, ದನಿ ತಿಳಿಯುತ್ತದೆ. ಹಾಗೆ ಹೇಳುವಾಗ ಹೇಳುವವಳಿಗೂ ಕೂಸಿಗೊಂದು ಮನಸ್ಸಿದೆ ಎಂಬುದು ನೆನಪಾಗುತ್ತದೆ.

ಇನ್ನು ಸಂಘಗಳು ಏನು ಮಾಡಬಹುದು? ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ 2000–01ರಲ್ಲಿ ಶುರುವಾಯಿತು. ಅಂದಿನಿಂದ ಉಳಿತಾಯ, ಸಾಲ, ಕಂತು ಕಲಿತಿದ್ದೇವೆ. ಯಾರ ಕಂತು ತಪ್ಪಿತು ಎಂದು ಮರುದಿನವೇ ನಮಗೆ ಗೊತ್ತಾಗುತ್ತದೆ. ಯಾವ ಬಾಣಂತಿ ಎರಡು ವಾರದಿಂದ ಸಭೆಗೆ ಬಂದಿಲ್ಲ ಎಂಬುದೂ ಹಾಗೆಯೇ ಗೊತ್ತಾಗಬೇಕು. ಇಬ್ಬರು ಅವಳ ಮನೆಗೆ ಹೋಗಿ. ಬುದ್ಧಿ ಹೇಳಲು ಹೋಗಬೇಡಿ. ಒಬ್ಬರು ಪಾತ್ರೆ ತೊಳೆಯಿರಿ, ಅಷ್ಟು ಹೊತ್ತು ಅವಳು ನಿದ್ದೆ ಮಾಡಲಿ. ಎದ್ದ ಮೇಲೆ ಕೂಸನ್ನು ಅವಳ ಮಡಿಲಲ್ಲೇ ಇಟ್ಟು ಒಂದು ಪ್ರಶ್ನೆ ಕೇಳಿ: "ಈಗ ಇದು ಏನು ಹೇಳ್ತಾ ಐತೆ, ನಿನಗೇನು ಅನ್ನಿಸ್ತದೆ?" ಅವಳೇ ಹೇಳಲಿ. ತಪ್ಪು ಹೇಳಿದರೂ ಚಿಂತೆಯಿಲ್ಲ, ನೋಡಲು ಶುರುಮಾಡಿದಳಲ್ಲ. ಆಮೇಲೆ ಇನ್ನೊಂದು ಪ್ರಶ್ನೆ: "ನಿನಗೆ ಹೆಂಗೈತೆ?" ಇದನ್ನು ಅವಳಿಗೆ ಯಾರೂ ಕೇಳಿರುವುದಿಲ್ಲ. ಕೇಳುವಾಗ ಗಂಡ, ಅತ್ತೆ ಎದುರಿಗಿರಬಾರದು.

ಕೂಸಿಗೆ ದುಬಾರಿ ಆಟಿಕೆ ಬೇಡ. ನಮ್ಮ ಚನ್ನಪಟ್ಟಣದಲ್ಲೇ ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಕೊಟ್ಟು ಮಾಡುವ ಗಿಲಕಿ ಸಾಕು. ಅದನ್ನು ಕೂಸಿನ ಕಣ್ಣ ಮುಂದೆ ಒಂದು ಗೇಣು ದೂರದಲ್ಲಿ ನಿಧಾನವಾಗಿ ಆಡಿಸಿ, ಕಣ್ಣು ಹಿಂಬಾಲಿಸುತ್ತದೆಯೇ ನೋಡಿ. ಆದರೆ ಗಿಲಕಿ ಆಡಿಸುವ ಕೈಯ ಹಿಂದೆ ಒಂದು ಮುಖವಿರಬೇಕು. ಮೊಬೈಲಿನ ಹಾಡು ಎದುರಿಗಿಟ್ಟು ಹೋದರೆ ಅದು ಉತ್ತರ ಕೊಡುವ ಮುಖವಲ್ಲ.

ಸರ್ಕಾರದ ಕಡೆಯಿಂದ ಬರಬೇಕಾದ್ದನ್ನು ಕೇಳಿ ಪಡೆಯಿರಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ ಮೊದಲ 42 ದಿನದಲ್ಲಿ ಆರು ಸಾರಿ ಮನೆಗೆ ಬರಬೇಕು. ಆಮೇಲೆ 3, 6, 9, 12, 15ನೇ ತಿಂಗಳಲ್ಲಿ ಬರಬೇಕು. ಹುಟ್ಟಿನಿಂದ ಮೂರು ವರ್ಷದ ಮಕ್ಕಳ ಜೊತೆ ಹೇಗೆ ಮಾತಾಡಬೇಕು, ಆಡಬೇಕು ಎಂಬುದಕ್ಕೆ ಕೇಂದ್ರ ಸರ್ಕಾರ 2024ರಲ್ಲಿ "ನವಚೇತನ" ಎಂಬ ಚೌಕಟ್ಟನ್ನು ಅಂಗನವಾಡಿಗಳಿಗಾಗಿ ತಂದಿದೆ. ಅದರಲ್ಲಿ ಏನಿದೆ, ತೋರಿಸಿಕೊಡಿ ಎಂದು ಅಂಗನವಾಡಿ ಟೀಚರನ್ನು ಸಂಘದ ಸಭೆಗೇ ಕರೆಸಿ. ಕೂಲಿಗೆ ಹೋಗುವವರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಎಂಬ ಯೋಜನೆ ಬಂದಿದೆ. ನಿಮ್ಮ ಪಂಚಾಯಿತಿಯಲ್ಲಿ ಅದರ ಬಾಗಿಲು ತೆರೆದಿದೆಯೇ, ಒಳಗೆ ಯಾರಿದ್ದಾರೆ ನೋಡಿ. ಮನಸ್ಸು ಕುಸಿದ ತಾಯಿಗೆ 14416ಕ್ಕೆ ಫೋನ್ ಮಾಡಿಕೊಡಿ. 2022ರಲ್ಲಿ ಶುರುವಾದ ಟೆಲಿ ಮನಸ್ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತೀರಾ ಕಷ್ಟವಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಬೇರೆ ಮಾಡದೆ ಒಟ್ಟಿಗೇ ಸೇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಅಂಥದ್ದು ದೇಶದಲ್ಲಿ ಮೊದಲು ಆದದ್ದು ಅಲ್ಲೇ. ನಮ್ಮ ನಾಲ್ಕು ತಾಲ್ಲೂಕಿನಿಂದಲೂ ಬಸ್ಸಿನ ದಾರಿ.

ಆದರೆ ಗೆಳತಿಯರೇ, ಏಟು ನಿಲ್ಲದೆ ಬರಿಯ ಗಿಲಕಿಯಿಂದ ಕೂಸು ಬೆಳೆಯುವುದಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಕಚೇರಿಗೇ ಹೋಗಿ ದೂರು ಕೊಡಬಹುದು. ಅವಳನ್ನು ಮನೆಯಿಂದ ಹೊರಹಾಕದಂತೆ, ಹೊಡೆಯದಂತೆ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಮಕ್ಕಳ ಖರ್ಚಿಗೂ ಕೊಡಿಸಬಹುದು. 21ನೇ ಕಲಂ ಪ್ರಕಾರ ಮಕ್ಕಳನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಬಹುದು. "ಹೋಗೋದಾದ್ರೆ ಹೋಗು, ಮಗೀನ ಬಿಟ್ಟು ಹೋಗು" ಎಂದು ಹೆದರಿಸುತ್ತಾರಲ್ಲ, ಅದಕ್ಕೆ ಉತ್ತರ ಇದು. ಹಳೆಯ 498ಎ ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ ಆಗಿದೆ. ಹಣ, ಒಡವೆ, ಆಸ್ತಿಗಾಗಿ ಅನ್ಯಾಯವಾಗಿ ಒತ್ತಾಯಿಸಿ ಅವಳಿಗೆ ಕಿರುಕುಳ ಕೊಡುವುದೂ ಅದರಲ್ಲಿ ಕ್ರೌರ್ಯವೇ, ಒತ್ತಾಯ ಕೂಸಿನ ಸರದ ಹೆಸರಿನಲ್ಲಿ ಬಂದರೂ. ರಾತ್ರಿ ಹೊತ್ತು 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಈ ಮೂರನ್ನೂ ಸಂಘದ ಪಾಸ್ ಪುಸ್ತಕದ ಹಿಂಬದಿಗೆ ಬರೆದುಕೊಳ್ಳಿ. ಹೊರಡಬೇಕಾಗಿ ಬಂದರೆ ತಾಯಿ ಕಾರ್ಡು, ಕೂಸಿನ ಜನನ ಪತ್ರ, ಆಧಾರ್, ಎರಡು ಜೊತೆ ಬಟ್ಟೆ ಒಂದು ಚೀಲದಲ್ಲಿರಲಿ. ಆ ಚೀಲ ಅವಳ ಮನೆಯಲ್ಲಿರಬಾರದು, ಸಂಘದ ಒಬ್ಬಳ ಮನೆಯಲ್ಲಿರಬೇಕು. ಕೂಸನ್ನು ದಿನಾ ಹೊದಿಸುವ ಹಳೆ ಸೀರೆ ತುಂಡನ್ನು ಮಾತ್ರ ಹೊರಡುವಾಗ ಮರೆಯಬೇಡಿ. ಹೊಸ ಜಾಗದಲ್ಲಿ ಅದಕ್ಕೆ ಗುರುತು ಸಿಗುವುದು ಆ ವಾಸನೆಯೊಂದೇ.

ಗಂಡಸರ ಬಗ್ಗೆ ಒಂದು ಮಾತು. ಹೊಡೆಯದ, ಆದರೆ ಕೂಸನ್ನು ಮುಟ್ಟಲು ಹೆದರುವ ಗಂಡಸರು ನಮ್ಮಲ್ಲಿ ಬಹಳ. "ಅದು ಹೆಂಗಸರ ಕೆಲಸ" ಎಂದು ನಾವೇ ದೂರ ಇಟ್ಟಿದ್ದೇವೆ. ಅಪ್ಪನ ಎದೆ ಮೇಲೂ ಕೂಸು ಮಲಗುತ್ತದೆ, ಅಪ್ಪನ ದನಿಗೂ ತಿರುಗಿ ನೋಡುತ್ತದೆ. ಅವರಿಗೂ ಅದೇ ಪ್ರಶ್ನೆ ಕೇಳಿ, ಏನು ಹೇಳ್ತಾ ಐತೆ ಇದು ಎಂದು. ಹೊಡೆಯುವವನ ವಿಷಯ ಬೇರೆ. ಕೂಸನ್ನು ಮುದ್ದು ಮಾಡುತ್ತಾನೆ ಎಂಬುದು ಅವನಿಗೆ ಮಾಫಿಯಲ್ಲ. ಕೂಸಿನ ತಾಯಿಯನ್ನು ಹೊಡೆದವನು ಕೂಸನ್ನೂ ಹೊಡೆದ ಹಾಗೆಯೇ.

ನನ್ನ ಹುಡುಗಿಯ ಮಾತು ಹೇಳಿ ಮುಗಿಸುತ್ತೇನೆ. ನಾನು ಬಸ್ಸು ಹತ್ತಿಸಿದ ಎಂಟು ತಿಂಗಳಿಗೆ ಅವಳು ಮುರಿದ ಕೈಯೊಂದಿಗೆ ತವರಿಗೆ ಬಂದಳು. ಮತ್ತೆ ಹೋಗಲಿಲ್ಲ. ಕೆಲಸ ಹಿಡಿದು ಮಗಳನ್ನು ಓದಿಸಿದಳು. ಬಹಳ ವರ್ಷದ ಮೇಲೆ ಒಂದು ಮದುವೆಮನೆಯಲ್ಲಿ ಸಿಕ್ಕಳು. ನಾನು ಕ್ಷಮೆ ಕೇಳಿದೆ. ಅವಳು ಸಿಟ್ಟು ಮಾಡಲಿಲ್ಲ. ಆದರೆ ಹೇಳಿದಳು: "ಅವತ್ತು ನೀವು ಒಳ್ಳೆ ಕೂಸು, ಅಳೋದಿಲ್ಲ ಅಂದ್ರಿ ಮಿಸ್. ಅದು ಅತ್ರೆ ಅವರಿಗೆ ಸಿಟ್ಟು ಬರ್ತಿತ್ತು. ಅದಕ್ಕೇ ಬಾಯ್ ತೆಗೆದಾಗೆಲ್ಲ ಸೆರಗು ಒತ್ತಿ ಎದೆಗೆ ಅವುಚ್ಕೊಳ್ತಿದ್ದೆ. ಆಮೇಲಾಮೇಲೆ ಅದೇ ಅಳೋದು ಬಿಟ್ಬಿಡ್ತು. ತವರಿಗೆ ಬಂದು ಎಷ್ಟೋ ದಿನ ಆದ್ಮೇಲೆ ಒಂದು ರಾತ್ರಿ ಜೋರಾಗಿ ಅಳ್ತು ನೋಡಿ, ನಮ್ಮಮ್ಮ ಗಾಬರಿ ಆದ್ರು. ನನಗೆ ಮಾತ್ರ ಸಂತೋಷ ಆಯ್ತು. ಇನ್ನು ಇದು ಬದುಕ್ತದೆ ಅಂದ್ಕೊಂಡೆ."

ಅವಳ ಒಪ್ಪಿಗೆ ಪಡೆದೇ ಇದನ್ನು ನಿಮಗೆ ಹೇಳುತ್ತಿದ್ದೇನೆ. ಆ ಮಗಳಿಗೆ ಈಗ ಒಂದು ಕೂಸಿದೆ. ಚೆನ್ನಾಗಿ ಅಳುತ್ತದಂತೆ.

ಇನ್ನು ಮುಂದೆ ನಿಮ್ಮ ಮನೆ ಬಾಗಿಲಿಗೆ ಒಬ್ಬ ಹುಡುಗಿ ಕೂಸು ಎತ್ತಿಕೊಂಡು ಬಂದು "ಎರಡು ದಿನ ಇರ್ಲಾ?" ಎಂದರೆ, ನಾನು ಹೇಳಿದ್ದನ್ನು ಹೇಳಬೇಡಿ. ಒಳಗೆ ಕರೆಯಿರಿ. ಕೂಸನ್ನು ನೋಡಿ. ಇರು ಎನ್ನಿ.